ಮೈಮೇಲೆ ಯಾರೂ ಬಂದಿರಲಿಲ್ಲ

ಹೋದ ತಿಂಗಳು ಮಡಿಕೇರಿಯಲ್ಲೊಂದು ಮದುವೆಗೆಂದು ಹೊರಟಿದ್ದೆ. ಹುಣಸೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನೊಳಕ್ಕೆ ಆ ವಾಸನೆ ನುಗ್ಗಿತು. ಬ್ಯಾರನ್ ಎನ್ನುವ ಬೆಂಕಿಗೂಡಿನಲ್ಲಿ ಹೊಗೆಸೊಪ್ಪು ಬೇಯುವ ವಾಸನೆ. ಪಾಕ ತಳ ಹಿಡಿದಂಥ ಸಿಹಿ, ಅದರ ಬೆನ್ನಿಗೇ ಗಂಟಲು ಕೆರೆಯುವ ಕಹಿ. ಜೊತೆಗಿದ್ದ ನನ್ನ ಶಿಷ್ಯೆ ಮೂಗು ಮುಚ್ಚಿಕೊಂಡು ಗಾಜು ಏರಿಸಲು ಹೋದಳು. "ಮುಟ್ಟಬೇಡ, ಇರಲಿ" ಎಂದು ಗದರಿದೆ. ಈಗಿನ ಮಕ್ಕಳಿಗೆ ರಂಗದ ಮೇಲೆ ಯಂತ್ರ ಬಿಡುವ ಹೊಗೆ ಆಗುತ್ತದೆ, ಸೊಪ್ಪಿನ ಹೊಗೆ ಆಗುವುದಿಲ್ಲ. ನಮ್ಮೂರು ಕಂಪಲಾಪುರ ಬಂತು, ಹೋಯಿತು. ಮನಸ್ಸು ಆ ಒಂದು ಬೇಸಿಗೆಗೆ ಹೋಗಿ ಕೂತಿತ್ತು.

ನಾನು ಕುಣಿದು ಬದುಕಿದವಳು. ಬೇರೆ ಕಸುಬು ನನಗೆ ಗೊತ್ತಿಲ್ಲ. ಪತ್ರಿಕೆಯವರು ಹೆಸರಿನ ಮುಂದೆ ಆಧುನಿಕ ನೃತ್ಯ ಕಲಾವಿದೆ ಎಂದು ಬರೆಯುತ್ತಾರೆ. ಐವತ್ತರ ದಶಕದ ಕಂಪಲಾಪುರದಲ್ಲಿ ಅಷ್ಟುದ್ದದ ಮಾತಿಗೆ ಯಾರಿಗೂ ಪುರುಸೊತ್ತಿರಲಿಲ್ಲ. ಕುಣಿಯೋಳು ಅನ್ನುತ್ತಿದ್ದರು, ಅಷ್ಟೆ. ಎದುರಿಗೆ ನೀಲಮ್ಮ, ಬೆನ್ನ ಹಿಂದೆ ಕುಣಿಯೋಳು.

ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಓದಲಿ ಎಂದು ಮನೆಯವರು ನನ್ನನ್ನು ಮೈಸೂರಿನ ಸೋದರತ್ತೆಯ ಮನೆಗೆ ಬಿಟ್ಟರು. ಓದಿನ ಜೊತೆ ಕುಣಿತವನ್ನೂ ಕಲಿತೆ. ಅದನ್ನು ಸೋದರತ್ತೆ ಊರಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಬೊಂಬಾಯಿಯ ಒಂದು ತಂಡ ಸೇರಿದೆ. ರಾಮ, ಕೃಷ್ಣ, ರಾಧೆ ಯಾರನ್ನೂ ಕುಣಿಸದ ತಂಡ ಅದು. ಗಿರಣಿಯ ಕೂಲಿಗಳು, ಬಂದರಿನಲ್ಲಿ ಮೂಟೆ ಹೊರುವವರು, ಸುಮ್ಮನೆ ದಾರಿಯಲ್ಲಿ ನಡೆಯುವ ಜನ ನಮ್ಮ ಕುಣಿತದಲ್ಲಿ ಬರುತ್ತಿದ್ದರು. ಮೂರನೇ ದರ್ಜೆಯ ರೈಲಿನಲ್ಲಿ ಊರೂರು ಸುತ್ತಿ, ಸಿಕ್ಕಿದ್ದು ತಿಂದು, ಸಿಕ್ಕಲ್ಲಿ ಮಲಗಿ ಕುಣಿದೆವು. ಕೊನೆಗೆ ತಂಡ ಒಡೆಯಿತು. ನಾನು ಒಂದು ಟ್ರಂಕು ಹಿಡಿದು ಕಂಪಲಾಪುರದಲ್ಲಿ ಬಸ್ಸಿಳಿದೆ. ಆಗತಾನೇ ಶಿವರಾತ್ರಿ ಮುಗಿದಿತ್ತು, ಬಿಸಿಲು ಏರುತ್ತಿತ್ತು.

ಮನೆಯಲ್ಲಿ ಇದ್ದವರು ಅವ್ವ ಮತ್ತು ದೊಡ್ಡಪ್ಪ. ದೊಡ್ಡಪ್ಪ ಗುರುಸಿದ್ದಪ್ಪನವರದು ಹೊಗೆಸೊಪ್ಪಿನ ವ್ಯಾಪಾರ. ಹಣೆಗೆ ಮೂರು ಬೆರಳು ವಿಭೂತಿ, ಕೊರಳಲ್ಲಿ ಲಿಂಗ, ನಾಲಿಗೆಯಲ್ಲಿ ಸೊಪ್ಪಿನ ದರ. ಕೆಟ್ಟವರಲ್ಲ. ಆದರೆ ಮನೆಯಲ್ಲಿ ಮದುವೆಯಾಗದ ಹೆಣ್ಣು, ಅದೂ ಕುಣಿದು ಬಂದ ಹೆಣ್ಣು ಇದ್ದರೆ ಅವರಿಗೆ ಸೊಪ್ಪಿನ ಮೂಟೆಗೆ ನೀರು ಬಿದ್ದಷ್ಟು ಕಳವಳ. ಕೆ.ಆರ್. ನಗರದ ಕಡೆ ಕಾಲುವೆ ಗದ್ದೆಯಿದ್ದ ಒಂದು ಮನೆತನದಲ್ಲಿ ಗಂಡು ನೋಡಿದರು. "ಕುಣ್ದಿದ್ದು ಗಿಣ್ದಿದ್ದು ಅಲ್ಲಿ ಎತ್ಬ್ಯಾಡ ಕಣವ್ವ" ಎಂದು ನನಗೆ ಬುದ್ಧಿ ಹೇಳಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಳಗ್ಗೆ ಎದ್ದು ಅಭ್ಯಾಸಕ್ಕೆ ಜಾಗ ಹುಡುಕಿದೆ.

ಹಿತ್ತಲ ಆಚೆ ದೊಡ್ಡಪ್ಪನ ಬ್ಯಾರನ್ ಇತ್ತು. ಅದರ ಮಗ್ಗುಲಿಗೆ ಸೊಪ್ಪು ಕಟ್ಟುವ ಉದ್ದನೆಯ ಕೊಟ್ಟಿಗೆ. ಹಸಿರೆಲೆಯನ್ನು ದಾರದಲ್ಲಿ ಕೋಲಿಗೆ ಕಟ್ಟುವ ಕೆಲಸ ಮಳೆಗಾಲದಲ್ಲಿ ಶುರುವಾಗುವುದು. ಬೇಸಿಗೆಯಿಡೀ ಕೊಟ್ಟಿಗೆ ಖಾಲಿ. ಸಗಣಿ ಸಾರಿಸಿದ ನೆಲ, ವರ್ಷಗಟ್ಟಲೆ ಸೊಪ್ಪಿನ ರಸ ಕುಡಿದು ಕಪ್ಪಾಗಿತ್ತು. ಅಲ್ಲಿ ನಾನು ನನ್ನದೇ ಒಂದು ಕುಣಿತ ಕಟ್ಟತೊಡಗಿದೆ. ಹಾಡಿಲ್ಲ, ಮದ್ದಳೆಯಿಲ್ಲ, ಗೆಜ್ಜೆಯಿಲ್ಲ. ನೆಲದ ಮೇಲೆ ಮುದುರಿ ಕೂತ ಒಂದು ಹೆಂಗಸು ಏಳುತ್ತಾಳೆ, ಬೀಳುತ್ತಾಳೆ, ಮತ್ತೆ ಏಳುತ್ತಾಳೆ. ಪ್ರತಿ ಸಲವೂ ಬೇರೆ ಥರ ಬೀಳುತ್ತಾಳೆ, ಬೇರೆ ಥರ ಏಳುತ್ತಾಳೆ. ನಮ್ಮ ತಂಡದಲ್ಲಿ ಮೊದಲು ಕಲಿಸಿದ್ದೇ ಬೀಳುವುದನ್ನು. ಮೂಳೆ ಮುರಿಯದೆ, ಸದ್ದಾಗದೆ, ತೊಟ್ಟು ಕಳಚಿದ ಎಲೆಯ ಹಾಗೆ ಬೀಳಬೇಕು. ಅದಕ್ಕೆ ನಾನು ಸುರಿಸಿದ ಬೆವರು ನನಗೇ ಗೊತ್ತು. ತಲೆಗೂದಲು ಬಿಚ್ಚಿಕೊಂಡು ಕುಣಿಯುತ್ತಿದ್ದೆ, ಯಾಕೆಂದರೆ ಜಡೆ ಕಟ್ಟಿದರೆ ಬೀಳುವಾಗ ಕತ್ತಿಗೆ ಬಡಿಯುತ್ತಿತ್ತು. ಬೇರೆ ಕಾರಣವೇನೂ ಇರಲಿಲ್ಲ.

ಕೊಟ್ಟಿಗೆ ಗುಡಿಸಲು ಬರುತ್ತಿದ್ದವಳು ಕೆಂಪಮ್ಮ. ನಮ್ಮ ಮನೆಯಲ್ಲಿ ಸೊಪ್ಪು ಕಟ್ಟುವ ಹೆಂಗಸರಲ್ಲಿ ಹಿರಿಯಳು. ಅವಳ ಒಬ್ಬಳೇ ಮಗಳು ಚಿಕ್ಕತಾಯಿ ಗಂಡನ ಜೊತೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದವಳು ತಿರುಗಿ ಬಂದಿರಲಿಲ್ಲ, ಸುದ್ದಿಯೂ ಇರಲಿಲ್ಲ. ಕೆಂಪಮ್ಮ ಒಂದು ಬೆಳಗ್ಗೆ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಳು. ನಾನು ಬಿದ್ದೆ, ಎದ್ದೆ, ಕೂದಲು ಕೆದರಿ ಏದುಸಿರು ಬಿಡುತ್ತಾ ನಿಂತೆ. ನೋಡಿದರೆ ಪೊರಕೆ ನೆಲದ ಮೇಲಿತ್ತು, ಕೆಂಪಮ್ಮ ಇರಲಿಲ್ಲ.

ಮಾರನೆಯ ದಿನ ಬಂದಳು. ಕೈಯಲ್ಲಿ ಪೊರಕೆಯ ಬದಲು ಧೂಪದ ಬಟ್ಟಲು, ನಿಂಬೆಹಣ್ಣು, ಬೇವಿನ ಸೊಪ್ಪು. ಹಿಂದೆ ನಾಲ್ಕಾರು ಹೆಂಗಸರು. ಕುಣಿತ ಮುಗಿಯುವ ತನಕ ಉಸಿರು ಬಿಗಿಹಿಡಿದು ಕೂತಿದ್ದು, ಆಮೇಲೆ ಕೆಂಪಮ್ಮ ಮುಂದೆ ಬಂದು ಅಡ್ಡಬಿದ್ದಳು.

"ತಾಯಿ, ಯಾವ ಊರ ಅಮ್ಮ ನೀನು? ಯೋಳು ತಾಯಿ. ನನ್ ಮಗ್ಳು ಬತ್ತಾಳಾ?"

ಅದುವರೆಗೆ ನೀವು ಎನ್ನುತ್ತಿದ್ದವಳು ಏಕವಚನಕ್ಕೆ ಬಂದಿದ್ದಳು. ದೇವರಿಗೆ ಬಹುವಚನ ಯಾರು ಹಾಕುತ್ತಾರೆ? ನಾನು ಗಾಬರಿಯಾಗಿ, "ಏಳು ಕೆಂಪಮ್ಮ, ನಾನು ನೀಲಮ್ಮ, ನನಗೇನು ಗೊತ್ತು?" ಎಂದೆ. ಅವಳು ಹಿಂದಿದ್ದವರ ಕಡೆ ತಿರುಗಿ, "ಅಮ್ಮ ಈಗ್ಲೇ ಯೋಳಕ್ಕಿಲ್ವಂತೆ" ಎಂದಳು. ಇನ್ನೊಬ್ಬಳು ಮಳೆ ಯಾವಾಗ ಎಂದು ಕೇಳಿದಳು. ಬೆವರು ಒರೆಸಿಕೊಳ್ಳಲೂ ಬಿಡದ ಈ ಜನರನ್ನು ಸಾಗಹಾಕಬೇಕಿತ್ತು. "ನಾಳೆ ಬರುತ್ತೆ, ಹೋಗಿ" ಎಂದು ರೇಗಿದೆ. ದಕ್ಷಿಣದ ಕಡೆ ಆಗಲೇ ಮೋಡ ಕಟ್ಟಿತ್ತು, ಕಣ್ಣಿದ್ದ ಯಾರಾದರೂ ಹೇಳಬಹುದಾದ ಮಾತು. ಮಾರನೆಯ ದಿನ ಮಧ್ಯಾಹ್ನ ಹನಿ ಹಾಕಿದ ಮಳೆ ಸಂಜೆಗೆ ಕಟ್ಟೆ ಒಡೆದಂತೆ ಸುರಿಯಿತು. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ವರ್ಷ ಅದರ ಜೊತೆ ನನ್ನ ಮಹಿಮೆಯೂ ಬೆಳೆಯಿತು.

ಕೆ.ಆರ್. ನಗರದವರು ಮೈಮೇಲೆ ದೇವರು ಬರುವ ಹೆಣ್ಣು ಸಂಸಾರಕ್ಕಾಗುವುದಿಲ್ಲ ಎಂದು ಹೇಳಿಕಳಿಸಿದರು. ಆ ಒಂದು ಉಪಕಾರಕ್ಕೆ ಇಲ್ಲದ ಅಮ್ಮನಿಗೂ ಕೈ ಮುಗಿದೆ. ಮಿಕ್ಕಿದ್ದೆಲ್ಲ ಕಾಟ. ಪಿರಿಯಾಪಟ್ಟಣದಿಂದ ಬಂದರು, ದೂರದ ಅಂತರಸಂತೆಯಿಂದ ಕೂಡ ಬಸ್ಸು ಹಿಡಿದು ಬಂದರು. ಕಳೆದುಹೋದ ಹಸು, ಹುಟ್ಟದ ಮಗು, ಬಿಡದ ಜ್ವರ. ಎಲ್ಲರಿಗೂ ಗೊತ್ತಿಲ್ಲ ಎಂದೆ. ಎಲ್ಲರೂ ಅದನ್ನೇ ವರವೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಕೆಂಪಮ್ಮನಂತೂ ದಿನಾ ಬೆಳಗ್ಗೆ ಬಂದು ಮೊದಲಿಂದ ಕೊನೆಯವರೆಗೆ ಕೂತು ನೋಡುತ್ತಿದ್ದಳು.

ದೊಡ್ಡಪ್ಪ ಮೊದಲು ಕೆಂಡವಾದರು. "ಲಿಂಗ ಕಟ್ಟಿದ ಮನೆ ಮ್ಯಾಲೆ ಮಾರಮ್ಮ ಬರದುಂಟಾ? ಏನಂದಾರು ಜನ!" ಎಂದು ಕುಣಿದಾಡಿದರು. ಆದರೆ ಬೆಳೆಗಾರರು ಒಬ್ಬೊಬ್ಬರಾಗಿ ಬಂದು, ಅಮ್ಮನ ಮನೆಗೇ ಈ ಸಲ ಸೊಪ್ಪು ಹಾಕುತ್ತೇವೆ ಎಂದು ಮಾತು ಕೊಡತೊಡಗಿದ ಮೇಲೆ ಅವರ ಭಕ್ತಿ ಸ್ವಲ್ಪ ಮೆತ್ತಗಾಯಿತು. ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದರು:

"ಬಂದಿರದು ವೀರಭದ್ರ ಯಾಕಾಗ್ಬಾರ್ದು?"

ನನಗೆ ನಗು ತಡೆಯಲಾಗಲಿಲ್ಲ. "ಯಾರೂ ಬಂದಿಲ್ಲ ದೊಡ್ಡಪ್ಪ. ನಾನೇ ಕುಣಿದದ್ದು."

"ನೀನೇ ಅಂದ್ರೆ ಆ ಕೊಟ್ಟಿಗೆಗೆ ಬೀಗ ಬೀಳ್ತದೆ ಕಣವ್ವ. ಹೆಣ್ಣೆಂಗ್ಸು ಸುಮ್‌ಸುಮ್ನೆ ಕುಣುದ್ರೆ ಊರಲ್ಲಿ ತಲೆ ಎತ್ತಕಾಯ್ತದಾ? ಅದೇ ದೇವ್ರು ಅಂದ್ಕೊ, ನಾಳೆನೇ ಕೊಟ್ಟಿಗೆಗೆ ಹಂಚು ಹೊದಿಸಿ ಕೊಡ್ತೀನಿ."

ದೊಡ್ಡಪ್ಪ ಎದ್ದುಹೋದ ಮೇಲೆ ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಹೂಂ ಅಂದ್ಬುಡು ಮಗ. ಒಂದೇ ಮಾತು. ಆಮ್ಯಾಕೆ ಸಾಯೋಗಂಟ ಕುಣಿ, ಯಾರೂ ಅಡ್ಡ ಬರಕ್ಕಿಲ್ಲ" ಎಂದಳು.

ಆ ರಾತ್ರಿ ನಾನು ನಿಜವಾಗಿ ಯೋಚಿಸಿದೆ. ಅವ್ವನ ಮಾತಿನಲ್ಲಿ ತಪ್ಪಿರಲಿಲ್ಲ. ಕುಣಿಯಲು ಜಾಗ, ನೋಡಲು ಜನ, ಅನ್ನ, ಮರ್ಯಾದೆ ಎಲ್ಲ ಸಿಗುತ್ತಿತ್ತು. ಬೊಂಬಾಯಿಯಲ್ಲಿ ನನಗೆ ಇಷ್ಟು ಜನ ಎಂದೂ ಸೇರಿರಲಿಲ್ಲ. ಬಿಟ್ಟುಕೊಡಬೇಕಾಗಿದ್ದು ಒಂದನ್ನೇ, ಇದನ್ನು ಮಾಡಿದ್ದು ನಾನು ಎನ್ನುವುದನ್ನು. ಯೋಚಿಸಿದಷ್ಟೂ ಮೈ ಉರಿಯಿತು. ಮಂಡಿ ತರಚಿಕೊಂಡಿದ್ದು ನಾನು, ಒಂದು ಬೀಳುವಿಕೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದು ನಾನು. ಹೆಸರು ಬರುವ ಹೊತ್ತಿಗೆ ಅಮ್ಮ ಬಂದು ಕೂರುವುದೆಂದರೇನು? ಗಂಡಸು ಒಂದು ಗೋಡೆ ಕಟ್ಟಿದರೆ ದೇವರು ಕಟ್ಟಿದ ಅನ್ನುವುದಿಲ್ಲ ಇವರು.

ಅಷ್ಟರಲ್ಲಿ ಹುಣಸೂರಿನಿಂದ ಶಾಮಣ್ಣ ಮೇಷ್ಟ್ರು ಬಂದರು. ಅವರ ಶಾಲೆಯ ಕಟ್ಟಡಕ್ಕೆ ಸಹಾಯಾರ್ಥವಾಗಿ ಒಂದು ಸಂಜೆ ನನ್ನ ನೃತ್ಯ ಇಡಿಸಬೇಕಂತೆ. ಓದಿದವರು, ಖಾದಿ ಉಟ್ಟವರು. ಇವರಿಗಾದರೂ ಅರ್ಥವಾಗುತ್ತದೆ ಎಂದುಕೊಂಡು ಒಪ್ಪಿದೆ. ಹೊರಡುವಾಗ ಅವರು, "ಅದೂ ಇದೂ ದೇವರು ಬೇಡ. ನಾವು ಭಾರತಮಾತೆ ಅಂತ ಸಾರೋಣ. ಬೀಳೋದು ದಾಸ್ಯ, ಏಳೋದು ಸ್ವಾತಂತ್ರ್ಯ. ಬಹಳ ಚೆನ್ನಾಗಿ ಕೂಡುತ್ತೆ!" ಎಂದರು. ನೀಲಮ್ಮ ಅಂತ ಸಾರಿ ಎಂದೆ. ಮೇಷ್ಟ್ರು ನಕ್ಕರು. ನಾನು ತಮಾಷೆ ಮಾಡಿದೆ ಅಂದುಕೊಂಡಿರಬೇಕು.

ಆ ಸಂಜೆ ಶಾಲೆಯ ಅಂಗಳದಲ್ಲಿ ಹಲಗೆ ಜೋಡಿಸಿ ಅಟ್ಟ ಕಟ್ಟಿದ್ದರು. ಇನ್ನೂ ಬಿಸಿಲಿತ್ತು. ಜನ ಬೇಲಿ ದಾಟಿ ರಸ್ತೆಯವರೆಗೆ ಕೂತಿದ್ದರು. ದೊಡ್ಡಪ್ಪ ಪಟ್ಟು ಬಿಡದೆ ವೀರಭದ್ರನ ಮಹಿಮೆಯ ಒಡಪು ಕೂಗಿ ಹೇಳುವ ಒಬ್ಬನನ್ನು ಕತ್ತಿ ಸಮೇತ ಕರೆತಂದಿದ್ದರು. ಮುಂದಿನ ಸಾಲಿನಲ್ಲಿ ಕೆಂಪಮ್ಮನ ಬಳಗ ಧೂಪ, ನಿಂಬೆಹಣ್ಣು, ಬೇವು ಇಟ್ಟುಕೊಂಡು ಕೂತಿತ್ತು. ಮೇಷ್ಟ್ರು ಭಾರತಮಾತೆಯನ್ನು ಕುರಿತು ದೀರ್ಘವಾಗಿ ಭಾಷಣ ಮಾಡಿದರು. ಒಂದೇ ಅಂಗಳಕ್ಕೆ ಮೂರು ದೇವರು ಬಂದಿದ್ದವು. ಬರದೇ ಇದ್ದವಳು ನಾನೊಬ್ಬಳೇ.

ಕುಣಿದೆ. ಮೊದಲ ಸಲ ಬಿದ್ದಾಗಲೇ ಅಂಗಳ "ಅಮ್ಮಾ!" ಎಂದು ಕೂಗಿತು. ಕರ್ಪೂರ ಹೊತ್ತಿಸಿದರು. ಒಡಪಿನವನು ಕತ್ತಿ ಝಳಪಿಸಿ ಅಹಹಾ ಎಂದು ಶುರುವಿಟ್ಟುಕೊಂಡ. ನಾನು ನಿಲ್ಲಿಸಲಿಲ್ಲ. ಕೊನೆಯ ಸಲ ಎದ್ದು ನಿಂತಾಗ ಜನ ಅಟ್ಟದ ಕಡೆ ನುಗ್ಗುತ್ತಿದ್ದರು. ಎರಡು ಕೈ ಎತ್ತಿ ತಡೆದೆ.

"ನನ್ನ ಮೈಮೇಲೆ ಯಾರೂ ಬಂದಿಲ್ಲ. ನಾನು ಕಂಪಲಾಪುರದ ನೀಲಮ್ಮ. ಈ ಕುಣಿತ ಕಟ್ಟಿದ್ದು ನಾನು, ಕುಣಿದದ್ದೂ ನಾನು."

ಮುಂದಿದ್ದ ಒಬ್ಬ ಮುದುಕ ಕೈ ಮುಗಿದು, "ಪರೀಕ್ಸೆ ಮಾಡ್ತಾವ್ಳೆ ಕಣ್ರಲಾ ತಾಯಿ! ನಮ್ ಭಕ್ತಿ ನೋಡ್ತಾವ್ಳೆ!" ಎಂದ. ಅಂಗಳ ಮತ್ತೆ "ಅಮ್ಮಾ!" ಎಂದಿತು. ಇಲ್ಲ ಅಂದರೂ ದೇವರು, ಹೌದು ಅಂದರೂ ದೇವರು. ಆ ಹೊತ್ತಿನಲ್ಲಿ ಬಂದ ಸಿಟ್ಟು ಜನ್ಮದಲ್ಲಿ ಮತ್ತೆಂದೂ ಬಂದಿಲ್ಲ.

ಆ ಸಿಟ್ಟಿನಲ್ಲೇ ಹೊಳೆಯಿತು. ಹಳ್ಳಿಯಲ್ಲಿ ದೇವರು ಮೈದುಂಬುವುದನ್ನು ನೋಡದವರು ಯಾರಿದ್ದಾರೆ? ದೇವರು ಇಳಿದ ಮೇಲೆ ಮುಖಕ್ಕೆ ನೀರು ಚಿಮುಕಿಸುತ್ತಾರೆ. ಬಂದವರು ಕಣ್ಣುಬಿಟ್ಟು ಏನಾಯಿತು ಎಂದು ಕೇಳುತ್ತಾರೆ. ಅವರಿಗೆ ಒಂದೂ ನೆನಪಿರುವುದಿಲ್ಲ.

"ದೇವರು ಬಂದವರಿಗೆ ತಾವು ಹೇಗೆ ಕುಣಿದೆವು ಅಂತ ನೆನಪಿರುತ್ತದಾ?" ಎಂದು ಕೂಗಿ ಕೇಳಿದೆ. "ನನಗಿದೆ. ಇದನ್ನೇ ಇನ್ನೊಂದು ಸಲ ಕುಣಿಯುತ್ತೇನೆ. ಒಂದು ಕೈ, ಒಂದು ಕಾಲು ಬೇರೆಯಾದರೆ ಅಮ್ಮ ಅನ್ನಿ. ಕೆಂಪಮ್ಮ, ನೀನು ದಿನಾ ನೋಡಿದ್ದೀಯ. ನೀನೇ ಹೇಳು."

ಎರಡನೆಯ ಸಲ ಕುಣಿಯುವುದು ಎಷ್ಟು ಕಷ್ಟ ಎಂದು ಕುಣಿಯುವವರಿಗೆ ಮಾತ್ರ ಗೊತ್ತು. ಮೊದಲನೆಯದು ಹುರುಪಿನಲ್ಲಿ ಹೋಗಿಬಿಡುತ್ತದೆ. ಎರಡನೆಯದರಲ್ಲಿ ಬರೀ ಕಸುಬು. ಹಲಗೆಯ ಸಿಬಿರಿಗೆ ಮಂಡಿ ಕಿತ್ತು ರಕ್ತ ಬರುತ್ತಿತ್ತು. ಮುದುರಿ ಕೂತೆ. ಕೆಂಪಮ್ಮನ ದನಿಯೊಂದೇ, ಮೊದಮೊದಲು ಗೊಣಗಿದಂತೆ, ಆಮೇಲೆ ಎಲ್ಲರಿಗೂ ಕೇಳುವಂತೆ ಬರುತ್ತಿತ್ತು.

"ಈಗ ಎಡಗೈ ಎತ್ತಾಳೆ."

ಎತ್ತಿದೆ.

"ಈಗ ಎಡ್ಗಡೆಗೆ ಬೀಳ್ತಾಳೆ. ಭುಜದ ಮ್ಯಾಲೆ."

ಬಿದ್ದೆ.

"ಈಗ ಮಂಡೀಲಿ ನಡೀತಾಳೆ. ತಿರುಗ್ತಾಳೆ. ತಿರುಗಿ ನಮ್ಮನ್ನ ನೋಡ್ತಾಳೆ."

ನಡೆದೆ, ತಿರುಗಿದೆ, ನೋಡಿದೆ. ಕೆಂಪಮ್ಮನ ಕಣ್ಣು ತುಂಬಿಕೊಂಡಿತ್ತು. ಅವಳ ಒಂದೊಂದು ಮಾತಿನ ಜೊತೆಗೂ ಅವಳ ಅಮ್ಮ ಒಂದೊಂದು ಹೆಜ್ಜೆ ದೂರ ಹೋಗುತ್ತಿದ್ದಳು. ಅದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಅಯ್ಯೋ ಅನ್ನಿಸಿತು. ಬೇಕೆಂದೇ ಒಂದು ಹೆಜ್ಜೆ ತಪ್ಪಿಸಿದ್ದರೆ ಅವಳ ಅಮ್ಮ ಅವಳಿಗೆ ಉಳಿಯುತ್ತಿದ್ದಳು. ತಪ್ಪಿಸಲಿಲ್ಲ. ಇವತ್ತು ಕೇಳಿದರೂ ತಪ್ಪಿಸುವುದಿಲ್ಲ.

ಕೊನೆಯ ಸಲ ಎದ್ದು ನಿಂತೆ. ಕೆಂಪಮ್ಮ ಎದ್ದಳು. ಸಾವಿನ ಸುದ್ದಿ ಹೇಳುವವರ ದನಿಯಲ್ಲಿ ಜನರ ಕಡೆ ತಿರುಗಿ ಹೇಳಿದಳು:

"ಅಮ್ಮ ಅಲ್ಲ ಕಣ್ರಪ್ಪೋ. ಇವ್ರೇ. ನಮ್ ನೀಲವ್ನೋರೇ."

ಆಮೇಲೆ ಎಷ್ಟೋ ಊರುಗಳಲ್ಲಿ ಎಷ್ಟೋ ಹಾರ ಬಿದ್ದಿವೆ. ನನ್ನ ಬಗ್ಗೆ ಇದಕ್ಕಿಂತ ದೊಡ್ಡ ಮಾತನ್ನು ಯಾರೂ ಆಡಿಲ್ಲ. ಆ ಸಂಜೆ ಮಾತ್ರ ಒಂದು ಚಪ್ಪಾಳೆಯೂ ಬೀಳಲಿಲ್ಲ. ಹೆಂಗಸರು ನಿಂಬೆಹಣ್ಣು ಬಾಚಿಕೊಂಡು ಎದ್ದರು. ಒಂದು ಹಣ್ಣು ಹಾರಿಬಂದು ನನ್ನ ಭುಜಕ್ಕೆ ಬಡಿಯಿತು. ಒಡಪಿನವನು ಕತ್ತಿಗೆ ಬಟ್ಟೆ ಸುತ್ತಿದ. "ಬಂಡಗೆಟ್ಟೋಳು" ಎಂದು ಯಾರೋ ಹಿಂದಿನಿಂದ ಕೂಗಿದರು. ಮೇಷ್ಟ್ರು ಗಾಬರಿಯಾಗಿ ರಾಷ್ಟ್ರಗೀತೆ ಶುರುಮಾಡಿಸಿಬಿಟ್ಟರು, ಬೈಯುವವರೂ ಎದ್ದು ನೆಟ್ಟಗೆ ನಿಲ್ಲಬೇಕಾಯಿತು. ದೊಡ್ಡಪ್ಪ ನನ್ನನ್ನು ಬಿಟ್ಟು ಗಾಡಿ ಹೊಡೆಸಿಕೊಂಡು ಹೋದರು. ನಾನು ಕೊನೆಯ ಬಸ್ಸಿಗೆ ಮನೆ ಸೇರಿದೆ.

ಬೆಳಗ್ಗೆ ಕೊಟ್ಟಿಗೆಗೆ ಬೀಗ ಬಿದ್ದಿತ್ತು. ಸೊಪ್ಪು ಹಾಕುತ್ತೇವೆ ಎಂದಿದ್ದವರು ಮುಖ ತಿರುಗಿಸಿದ್ದರು. ದೊಡ್ಡಪ್ಪ ನನ್ನೊಡನೆ ಮಾತು ಬಿಟ್ಟರು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ, "ಒಂದು ಸುಳ್ಳು ಯೋಳಕ್ಕೆ ಅದೆಷ್ಟು ಜಿಪುಣಿಯೇ ನೀನು" ಎಂದು ಅತ್ತಳು. ಅತ್ತುಕೊಂಡೇ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿ ನನ್ನ ಟ್ರಂಕಿನಲ್ಲಿಟ್ಟಳು. ನಾನು ಹೊರಡುತ್ತೇನೆಂದು ಹೇಳಿರಲೇ ಇಲ್ಲ. ತಾಯಿಗೆ ಹೇಳಬೇಕೇ? ಮದರಾಸಿನಲ್ಲಿ ನಮ್ಮ ಹಳೆಯ ತಂಡದವರು ಕೆಲವರು ಸೇರಿ ಹೊಸ ತಂಡ ಕಟ್ಟುತ್ತಿದ್ದರು. ಮೈಸೂರಿಗೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕಿತ್ತು.

ರಸ್ತೆ ಬದಿಯ ಆಲದ ಕೆಳಗೆ ಟ್ರಂಕಿನ ಮೇಲೆ ಕೂತಿದ್ದೆ. ಪರಿಚಯದವರು ಕಂಡೂ ಕಾಣದಂತೆ ಹೋದರು. ನಾನೂ ತಲೆ ತಗ್ಗಿಸಲಿಲ್ಲ, ಒಬ್ಬೊಬ್ಬರ ಮುಖವನ್ನೂ ನೋಡಿ ಕಳಿಸಿದೆ. ಆಗ ಕೆಂಪಮ್ಮ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ನಿಂತಳು. ಬೈಯಲು ಬಂದಿದ್ದಾಳೆ ಅಂದುಕೊಂಡೆ. ಬೈಯಲಿ, ಅವಳಿಗೆ ಆ ಹಕ್ಕಿದೆ.

"ಮೈಸೂರ್ಗೆ ಒಂಟ್ರಾ?" ಎಂದಳು.

"ಹೂಂ. ನನ್ನ ಮೇಲೆ ಕೋಪಾನಾ ಕೆಂಪಮ್ಮ?"

"ಅದೆ. ಕ್ವಾಪ ಅದೆ. ಇಲ್ದೆ ಏನು?" ರಸ್ತೆಯಲ್ಲಿ ಮಡಿಕೇರಿಯ ಕಡೆಗೆ ಕೈ ತೋರಿದಳು. "ನನ್ ಮಗ್ಳು ಸುಂಟಿಕೊಪ್ಪದ ಕಡೆ ತ್ವಾಟದಲ್ಲವ್ಳೆ ಅಂತ ಒಬ್ಬ ಅಂದಿದ್ದ. ನಂಗೆ ದಾರಿ ಗೊತ್ತಿಲ್ಲ, ಬಸ್ಸು ಗೊತ್ತಿಲ್ಲ, ಸಾಹೇಬ್ರ ತಾವ ಮಾತಾಡಕೆ ಬಾಯಿಲ್ಲ. ಅಮ್ಮನ್ನ ಎಷ್ಟು ದಪ ಕೇಳ್ದೆ, ಯೋಳ್ನಿಲ್ಲ. ಯೆಂಗೆ ಯೋಳಾಳು, ಅಮ್ಮನೇ ಇರ್ನಿಲ್ವಲ್ಲ. ನೀವಿದ್ರಿ." ಹತ್ತಿರ ಬಂದಳು. "ನೀವು ಮನುಸ್ಯರೇ ತಾನೇ? ನಿಮ್ಗೆ ಕೈಕಾಲವೆ, ಊರೂರು ತಿರುಗಿದ್ದೀರಿ. ಓಗಿ ನೋಡ್ಕಂಡ್ ಬನ್ನಿ."

ಅಷ್ಟರಲ್ಲಿ ಮೈಸೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಕಂಡಕ್ಟರು ಇಳಿದು ಟ್ರಂಕಿಗೆ ಕೈ ಹಾಕಿದ. ಬಿಡಪ್ಪ, ನಾನು ಬರುವುದಿಲ್ಲ ಎಂದೆ. ಬಸ್ಸು ಹೋದ ಮೇಲೆ ಕೆಂಪಮ್ಮನೂ ನಾನೂ ಸೇರಿ ಟ್ರಂಕನ್ನು ನನ್ನ ತಲೆಯ ಮೇಲೆ ಎತ್ತಿಟ್ಟೆವು. ರಸ್ತೆ ದಾಟಿ, ಮಡಿಕೇರಿಯ ಬಸ್ಸು ನಿಲ್ಲುವ ಕಡೆ ಹೋಗಿ ನಿಂತೆ.